ಕೆಂಪು ಉಡಿದಾರ

ಮೊನ್ನೆ ಕಪಾಟಿನಲ್ಲಿ ಸೊಂಟದ ಪಟ್ಟಿ ಹುಡುಕುತ್ತಿದ್ದೆ. ಸಿಕ್ಕಿದ್ದು ಬೇರೆ. ಶಾಲಿನ ಮಡಿಕೆಯೊಳಗೆ ಏನೋ ಸುರುಳಿಯಾಗಿ ಕೂತಿತ್ತು. ಎಳೆದರೆ ಉದ್ದವಾಯಿತು, ಬಿಟ್ಟರೆ ಚಿಕ್ಕದಾಯಿತು. ಹಳೆಯ ಕಾಲದ ಫೋನಿನ ವೈರು ನಿಮಗೆ ನೆನಪಿರಬಹುದು, ಮಾತಾಡುತ್ತ ಮಾತಾಡುತ್ತ ಬೆರಳಿಗೆ ಸುತ್ತಿಕೊಳ್ಳುತ್ತಿದ್ದೆವಲ್ಲ, ಹಾಗೆ. ಬಣ್ಣ ಮಾತ್ರ ಕೆಂಪು. ಒಂದು ತುದಿಯಲ್ಲಿ ಕೊಕ್ಕೆ, ಇನ್ನೊಂದರಲ್ಲಿ ಕುದುರೆ ಲಾಳದ ಆಕಾರದ ಪುಟ್ಟ ಪ್ಲಾಸ್ಟಿಕ್ ತುಂಡು.

ಬಾಗಿಲಲ್ಲಿ ನಿಂತಿದ್ದ ಅಮ್ಮ, "ಏನೇ ಅದು?" ಎಂದಳು.

"ಏನಿಲ್ಲ. ಬೋಟಿಂದು."

ಅಮ್ಮ ಅಡುಗೆಮನೆಗೆ ಹೋದಳು. ಪಾತ್ರೆಗಳ ಸದ್ದು ಸ್ವಲ್ಪ ಜೋರಾಯಿತು. ಏಳು ತಿಂಗಳಿಂದ ನಮ್ಮ ಮನೆಯಲ್ಲಿ ಎತ್ತಬಾರದ ವಸ್ತುಗಳ ಜೊತೆಗೆ ಎತ್ತಬಾರದ ಮಾತೂ ಒಂದಿದೆ. ಅದು ಬೋಟು.

ಈ ದಾರದ ಕೆಲಸ ಏನೆಂದು ಹೇಳಿಬಿಡುತ್ತೇನೆ. ಮೋಟರ್ ಬೋಟು ನಡೆಸುವವರು ಕೊಕ್ಕೆಯನ್ನು ತಮ್ಮ ಮೈಗೋ ಮಣಿಕಟ್ಟಿಗೋ ಸಿಕ್ಕಿಸಿಕೊಳ್ಳಬೇಕು. ಲಾಳದ ತುಂಡು ಎಂಜಿನ್ನಿನ ಗುಂಡಿಯ ಕೆಳಗೆ ಕೂರಬೇಕು. ನಡೆಸುವವರು ನೀರಿಗೆ ಬಿದ್ದರೆ ದಾರ ಕಿತ್ತು ಬಂದು ಎಂಜಿನ್ ತಕ್ಷಣ ನಿಲ್ಲುತ್ತದೆ. ಬಿದ್ದವರನ್ನು ಬಿಟ್ಟು ಬೋಟು ಒಂದೇ ತನ್ನ ಪಾಡಿಗೆ ಓಡಿಹೋಗಬಾರದಲ್ಲ. ಲಾಳದ ತುಂಡು ಇಲ್ಲದಿದ್ದರೆ ಎಂಜಿನ್ ಶುರುವಾಗುವುದೂ ಇಲ್ಲ. ಕಂಪನಿಯವರು ಇದಕ್ಕೆ ಏನು ಹೆಸರಿಟ್ಟಿದ್ದಾರೋ ಇರಲಿ, ನಮ್ಮಲ್ಲಿ ಇದರ ಹೆಸರು ಉಡಿದಾರ. ಇಟ್ಟವರು ಪಳನಿ ಮಾಮ.

ಉಡಿದಾರ ಎಂದಾಗ ನನಗೆ ನನ್ನದೂ ನೆನಪಾಗುತ್ತದೆ. ನೆನಪು ಎಂದರೆ ಕೇಳಿದ ನೆನಪು. ಹುಟ್ಟಿದ ವರ್ಷ ಅಜ್ಜಿ ಬೆಳ್ಳಿಯದೊಂದನ್ನು ನನ್ನ ಸೊಂಟಕ್ಕೆ ಕಟ್ಟಿದ್ದಳಂತೆ. ಎರಡು ವರ್ಷ ತುಂಬುವ ಹೊತ್ತಿಗೆ ಅದನ್ನು ಕರಗಿಸಿ ಕಾಲ್ಗೆಜ್ಜೆ ಮಾಡಿಸಿದರು. ಕಾಲ್ಗೆಜ್ಜೆಯನ್ನು ನಾನು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಚರಂಡಿಯಲ್ಲಿ ಕಳೆದೆ. ಒಂದನ್ನು ಮಾತ್ರ. ಇನ್ನೊಂದು ಇನ್ನೂ ಅಮ್ಮನ ಬೀರುವಿನಲ್ಲಿದೆ, ಜೊತೆ ಸಿಕ್ಕೀತೆಂಬಂತೆ.

ಆ ಕ್ವಾರ್ಟರ್ಸಿನಲ್ಲಿ ನಮ್ಮ ಎಡಕ್ಕೆ ತೆಲುಗಿನವರು, ಬಲಕ್ಕೆ, ನನ್ನನ್ನು ತಮಿಳಿನ ಮುದ್ದಿನಲ್ಲಿ 'ಕಣ್ಣು' ಎಂದು ಕರೆಯುವ ಪಳನಿ ಮಾಮನ ಮನೆ. ಅಪ್ಪ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ, ಮಾಮ ಫಿಟ್ಟರ್. ಕಾರ್ಖಾನೆಯ ಸೈರನ್ ಕೂಗಿದರೆ ಇಡೀ ಬೀದಿ ಒಟ್ಟಿಗೆ ಎದ್ದು, ಒಟ್ಟಿಗೆ ಒಲೆ ಹೊತ್ತಿಸುತ್ತಿತ್ತು. ಆ ಸದ್ದಿನಲ್ಲಿ ಬೆಳೆದದ್ದರಿಂದಲೋ ಏನೋ, ದೊಡ್ಡ ಶಬ್ದ ಕೇಳಿದರೆ ನನಗೆ ನೆಮ್ಮದಿ. ನಾನು ಹೆಚ್ಚು ಮಾತಾಡುವವಳಲ್ಲ. ಮಾತಾಡದವರನ್ನು ಜನ ಸುಮ್ಮನೆ ಬಿಡುವುದಿಲ್ಲ, "ಯಾಕಮ್ಮಾ ಸಪ್ಪಗಿದೀಯಾ?" ಎಂದು ವಿಚಾರಿಸುತ್ತಾರೆ. ಮೋಟರ್ ಬೋಟಿನಲ್ಲಿ ಈ ತೊಂದರೆ ಇಲ್ಲ. ಎಂಜಿನ್ನಿನ ಅಬ್ಬರದಲ್ಲಿ ಯಾರೂ ಯಾರನ್ನೂ ವಿಚಾರಿಸುವಂತಿಲ್ಲ. ನಾನು ಬೋಟಿಗೆ ಮನಸೋಲಲು ಅದೂ ಒಂದು ಕಾರಣ ಎಂದು ಇಂದು ಒಪ್ಪಿಕೊಳ್ಳುತ್ತೇನೆ. ಬೇರೆಯವರು ಮೌನ ಬೇಕೆಂದು ಕಾಡಿಗೆ ಹೋಗುತ್ತಾರೆ, ನಾನು ಇಪ್ಪತ್ತೈದು ಅಶ್ವಶಕ್ತಿಯ ಗಲಾಟೆಗೆ ಹೋದೆ.

ಮಾಮ ನಿವೃತ್ತರಾದ ಮೇಲೆ ಭದ್ರಾ ಜಲಾಶಯದ ಹಿನ್ನೀರಿನಲ್ಲಿ ನಡೆಯುವ ಒಂದು ಜಲಕ್ರೀಡಾ ಶಿಬಿರಕ್ಕೆ ಎಂಜಿನ್ ನೋಡಿಕೊಳ್ಳಲು ಸೇರಿದರು. ಹುಟ್ಟು ಹಾಕುವುದನ್ನು ಕಲಿಯಲು ಬಂದವರ ಹಿಂದೆ ಒಂದು ರಕ್ಷಣಾ ಬೋಟು ಸದಾ ಇರಬೇಕು. ನಾನು ಕಾಲೇಜಿನಲ್ಲಿದ್ದಾಗ ಆ ಶಿಬಿರಕ್ಕೆ ಹೋಗಿದ್ದೆ. ಹುಟ್ಟು ಹಾಕುವುದು ಒಗ್ಗಲಿಲ್ಲ. ಮೂರನೆಯ ಸಲ ನೀರಿಗೆ ಬಿದ್ದು ಮಾಮನ ಬೋಟು ಹತ್ತಿದವಳು ಮತ್ತೆ ಇಳಿಯಲೇ ಇಲ್ಲ ಎನ್ನಬಹುದು. ಶಿವಮೊಗ್ಗದಲ್ಲಿ ಸಂಖ್ಯಾಶಾಸ್ತ್ರದ ಪಾಠ ಹೇಳುವ ಕೆಲಸ ಸಿಕ್ಕಿ, ವಿದ್ಯಾನಗರದಲ್ಲಿ ಮನೆ ಮಾಡಿದ ಮೇಲೂ ಭಾನುವಾರ ಬೆಳಿಗ್ಗೆ ನಾನು ಬಸ್ಸು ಹತ್ತುತ್ತಿದ್ದೆ. ರಕ್ಷಣಾ ಬೋಟು ನಡೆಸುವ ಸ್ವಯಂಸೇವಕಿ ನಾನು. ನನ್ನ ವಿದ್ಯಾರ್ಥಿಗಳಿಗೆ ಇದು ತಿಳಿಯದು.

ಮಾಮನದು ಒಂದೇ ಕಟ್ಟಳೆ. ಎಂಜಿನ್ನಿನ ಹಗ್ಗ ಎಳೆದು ಶುರು ಮಾಡಿದವರೇ ಹ್ಯಾಂಡಲ್ ಹಿಡಿಯಬೇಕು. ಬೇರೆಯವರು ಶುರು ಮಾಡಿಕೊಟ್ಟ ಎಂಜಿನ್ನಿನ ಮುಂದೆ ರಾಜನ ಹಾಗೆ ಹೋಗಿ ಕೂರುವಂತಿಲ್ಲ.

"ನಡುನೀರಲ್ಲಿ ಆಫ್ ಆಯ್ತು ಅಂತಿಟ್ಕೋ. ನಾನು ದಡದಿಂದ ಈಜ್ಕೊಂಡು ಬಂದು ಎಳೀಲಾ? ಎಳೆದೋರೇ ಓಡಿಸ್ಬೇಕು ಕಣ್ಣು."

ಎಳೆಯುವುದು ಹೇಳಿದಷ್ಟು ಸುಲಭವಲ್ಲ. ಮೊದಲು ಹಿಡಿಯನ್ನು ಮೆಲ್ಲಗೆ ಎಳೆಯಬೇಕು, ಒಳಗೆ ಏನೋ ಕಚ್ಚಿಕೊಂಡಂತಾಗುವವರೆಗೆ. ಆಮೇಲೆ ಒಂದೇ ಏಟಿಗೆ ಸೆಳೆಯಬೇಕು. ಮೂರು ಭಾನುವಾರ ನನ್ನ ಕೈಯಲ್ಲಿ ಬೊಬ್ಬೆ ಬಂತೇ ಹೊರತು ಎಂಜಿನ್ ಕೆಮ್ಮಲೂ ಇಲ್ಲ. ಮಾಮ ದಡದಲ್ಲಿ ಕೂತು ಕಡಲೆ ತಿನ್ನುತ್ತ, "ಕೈಯಿಂದ ಎಳೀಬೇಡ, ಸೊಂಟದಿಂದ ಎಳಿ!" ಎಂದು ಕೂಗುತ್ತಿದ್ದರು. ನಾಲ್ಕನೆಯ ಭಾನುವಾರ ಸೊಂಟದಿಂದ ಎಳೆದೆ. ಎಂಜಿನ್ ಎದ್ದಿತು. ಎಂ.ಎಸ್ಸಿ. ಫಲಿತಾಂಶದ ದಿನ ನಾನು ಅಷ್ಟು ಹಿಗ್ಗಿರಲಿಲ್ಲ.

ಈಗ ಸೊಂಟದ ವಿಷಯಕ್ಕೆ ಬರಬೇಕು. ಎಲ್ಲರೂ ತಿಳಿದಂತೆ ನನ್ನ ಬೆನ್ನು ಬೋಟಿನಿಂದ ಹಾಳಾದದ್ದಲ್ಲ. ಅಷ್ಟು ಗೌರವದ ಕಾರಣ ನನಗೆ ಸಿಗಲಿಲ್ಲ. ಒಂದು ಗುರುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಕುಡಿಯುವ ನೀರಿನ ಇಪ್ಪತ್ತು ಲೀಟರಿನ ಕ್ಯಾನು ಎತ್ತಿದೆ. ಅರ್ಧಕ್ಕೆ ಎತ್ತಿದವಳು ಹಾಗೇ ನಿಂತೆ. ಇಳಿಸಲೂ ಆಗದೆ, ಎತ್ತಲೂ ಆಗದೆ, ಕ್ಯಾನನ್ನು ತಬ್ಬಿಕೊಂಡು, "ಅಮ್ಮಾ" ಎಂದೆ. ಜಲಾಶಯದಷ್ಟು ನೀರಿನ ಮೇಲೆ ಕುಣಿದವಳನ್ನು ಒಂದು ಕ್ಯಾನು ನೀರು ಕೆಡವಿತು. ಬೆನ್ನುಮೂಳೆಯ ನಡುವಿನ ಡಿಸ್ಕ್ ಜಾರಿ ನರ ಒತ್ತಿಹಿಡಿದಿತ್ತು, ಎಡಗಾಲಿನ ಹೆಬ್ಬೆರಳು ನನ್ನ ಮಾತು ಕೇಳುತ್ತಿರಲಿಲ್ಲ. ಒಂದು ವಾರದೊಳಗೆ ಶಸ್ತ್ರಚಿಕಿತ್ಸೆಯಾಯಿತು.

ಆದರೆ ನೋಡಲು ಬಂದವರಿಗೆ ಕ್ಯಾನಿನ ಕತೆ ರುಚಿಸಲಿಲ್ಲ. "ಬೋಟ್ ಬೋಟ್ ಅಂತ ಕುಣೀತಿದ್ಲಲ್ಲ" ಎಂದು ಅಮ್ಮನ ಕಿವಿಯಲ್ಲಿ ಹೇಳಿ, ನನ್ನ ಪಕ್ಕ ಕೂತು ತಮ್ಮ ಸೊಂಟದ ಪುರಾಣ ಬಿಚ್ಚಿದರು. ಶಿವಮೊಗ್ಗದಲ್ಲಿ ಸೊಂಟ ನೆಟ್ಟಗಿರುವವರು ಯಾರೂ ಇಲ್ಲವೆಂದು ನನಗೆ ಗೊತ್ತಾದದ್ದು ಆಗಲೇ. ಎದುರುಮನೆಯ ಆಂಟಿಯಂತೂ ತಮಗೆ ಎಲ್ಲಿ ಹಿಡಿದುಕೊಳ್ಳುತ್ತದೆ ಎಂದು ನನ್ನ ಬೆನ್ನಿನ ಮೇಲೇ ಬೆರಳಿಟ್ಟು ತೋರಿಸಿದರು.

ಪಳನಿ ಮಾಮನೂ ಬಂದರು. ಒಂದು ಚೀಲ ಸೀಬೆಹಣ್ಣು ತಂದು ಮಂಚದ ಕಾಲ ಬಳಿ ಇಟ್ಟು, ಕುರ್ಚಿಯ ತುದಿಯಲ್ಲಿ ಕೂತರು. ಅವರಿಗೆ ನನ್ನೊಡನೆ ಎಂಜಿನ್ ಸದ್ದಿಲ್ಲದೆ ಮಾತಾಡಿ ಅಭ್ಯಾಸವಿಲ್ಲ. ಬಹಳ ಹೊತ್ತು ಫ್ಯಾನು ನೋಡಿದರು.

ನನ್ನ ಮನಸ್ಸಿನಲ್ಲಿದ್ದದ್ದು ಆ ದಾರ. ಕ್ಯಾನು ಎತ್ತುವ ಮೊದಲಿನ ಭಾನುವಾರ ಅದನ್ನು ಮಣಿಕಟ್ಟಿನಿಂದ ಬಿಚ್ಚುವುದನ್ನೇ ಮರೆತು ಬಸ್ಸು ಹತ್ತಿಬಿಟ್ಟಿದ್ದೆ. ಮನೆಗೆ ಬಂದು ಕೈ ತೊಳೆಯುವಾಗಲೇ ನೋಡಿದ್ದು. ಮುಂದಿನ ವಾರ ಒಯ್ದರಾಯಿತು ಎಂದುಕೊಂಡೆ. ಮುಂದಿನ ವಾರ ನಾನು ಆಸ್ಪತ್ರೆಯಲ್ಲಿದ್ದೆ. ಅದು ಇಲ್ಲದೆ ಎಂಜಿನ್ ಶುರುವಾಗದು ಎಂದು ಆಗಲೇ ಹೇಳಿದೆನಲ್ಲ?

"ಮಾಮ, ಬೋಟು ಹೇಗಿದೆ?" ಎಂದು ಕೇಳಿದೆ.

"ಬೋಟಾ?" ಅವರು ಫ್ಯಾನಿನಿಂದ ಕಣ್ಣು ತೆಗೆಯಲಿಲ್ಲ. "ನಿಂತಿದೆ ಬಿಡಮ್ಮಾ. ನೀನು ಮೊದ್ಲು ಹುಷಾರಾಗು."

ನಿಂತಿದೆ. ಆ ಒಂದು ಮಾತನ್ನು ಇಟ್ಟುಕೊಂಡು ನಾನು ತಿಂಗಳುಗಟ್ಟಲೆ ಬದುಕಿದೆ. ದಾರ ನನ್ನ ಹತ್ತಿರವಿದೆ ಎಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಅಪರಾಧಿ ಭಾವ ಇದ್ದದ್ದು ನಿಜ. ಅದರ ಅಡಿಯಲ್ಲಿ, ಯಾರಿಗೂ ತೋರಿಸದ ಒಂದು ಸಂತೋಷವೂ ಇತ್ತು. ನಾನಿಲ್ಲದೆ ಅದು ಓಡುತ್ತಿಲ್ಲ. ಗೋಡೆ ಹಿಡಿದು ಹತ್ತು ಹೆಜ್ಜೆ ನಡೆಯುವಾಗ, ಒಂದೇ ಮಗ್ಗುಲಲ್ಲಿ ಮಲಗಿ ಕಿಟಕಿಯ ಸರಳು ಎಣಿಸುವಾಗ, ದಡದಲ್ಲಿ ಮೂಗು ಕೆಳಗೆ ಮಾಡಿ ನಿಂತ ಬೋಟನ್ನು ನೆನೆಯುತ್ತಿದ್ದೆ. ಅದೂ ಕಾಯುತ್ತಿದೆ, ನಾನೂ ಕಾಯುತ್ತಿದ್ದೇನೆ. ಶಾಲಿನ ಮಡಿಕೆಯಲ್ಲಿ ದಾರವನ್ನು ಬಚ್ಚಿಟ್ಟದ್ದೂ ನಾನೇ, ಎಲ್ಲಿಟ್ಟೆನೆಂದು ಮರೆತದ್ದೂ ನಾನೇ.

ದಾರ ಕೈಗೆ ಸಿಕ್ಕ ಮರುದಿನವೇ ದುರ್ಗಿಗುಡಿಯಲ್ಲಿ ಡಾಕ್ಟರನ್ನು ನೋಡುವುದಿತ್ತು. ಅವರು ನನ್ನನ್ನು ಬಗ್ಗಿಸಿ, ನಿಲ್ಲಿಸಿ, ಹೆಬ್ಬೆರಳು ಅಲ್ಲಾಡಿಸಲು ಹೇಳಿ, ಎಲ್ಲ ಸರಿಯಿದೆ ಎಂದರು. ಬಾಗಿಲ ತನಕ ಹೋದವಳು ತಿರುಗಿ ಕೇಳಿದೆ.

"ಬೋಟಿಂಗ್ ಹೋಗಬಹುದಾ ಡಾಕ್ಟ್ರೇ?"

"ಓ, ಧಾರಾಳವಾಗಿ. ಪೆಡಲ್ ಮಾಡೋದು ಒಳ್ಳೇದೇ."

"ಪೆಡಲ್ ಅಲ್ಲ. ಮೋಟರ್ ಬೋಟು."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಯಾರು ಓಡಿಸೋದು?"

"ನಾನೇ."

"ನೀವು ಕಾಲೇಜಲ್ಲಿ ಪಾಠ ಮಾಡ್ತೀರಿ ಅಂದಿದ್ರಿ."

"ಭಾನುವಾರ ಪಾಠ ಇರಲ್ಲ."

ಅವರು ಅಮ್ಮನನ್ನು ನೋಡಿದರು. ಅಮ್ಮ ಗೋಡೆಯ ಮೇಲಿನ ಬೆನ್ನೆಲುಬಿನ ಚಿತ್ರ ನೋಡುತ್ತಿದ್ದಳು. ಕೊನೆಗೆ ಡಾಕ್ಟರ್ ಹೇಳಿದರು: "ಕೂತ್ಕೊಂಡು ನಿಧಾನ ಹೋಗಿಬನ್ನಿ. ಎತ್ತೋದು ಬೇಡ. ಸೊಂಟ ತಿರುಗಿಸಿ ಏನನ್ನೂ ಎಳೆಯೋದಂತೂ ಬೇಡವೇ ಬೇಡ. ಸ್ಪೀಡಲ್ಲಿ ಬೋಟು ಎಗರಿ ಕುಕ್ಕಿದ್ರೆ ಆ ಪೆಟ್ಟು ನೇರ ಇಲ್ಲಿಗೆ." ಬೆರಳು ಚಿತ್ರದ ಮೇಲಿತ್ತು.

ಆಟೋದಲ್ಲಿ ಅಮ್ಮ, "ಹಗ್ಗ ಎಳೆಯಲ್ಲ ಅಂತ ನನ್ನ ಮೇಲೆ ಆಣೆ ಹಾಕು, ಮಾರಾಯ್ತಿ. ಆಮೇಲೆ ಎಲ್ಲಿಗಾದ್ರೂ ಹೋಗು" ಎಂದಳು. ಹಾಕಿದೆ. ಹಾಕುವಾಗಲೇ ಮಾಮನ ಕಟ್ಟಳೆ ನೆನಪಾಯಿತು. ಎಳೆಯದವಳು ಹ್ಯಾಂಡಲ್ ಹಿಡಿಯುವಂತಿಲ್ಲ. ಹಾಗಾದರೆ ನಾನು ಹೋಗುವುದು ಯಾವುದಕ್ಕೆ? ದಾರ ಹಿಂತಿರುಗಿಸಿ, ನಡುವಿನ ಹಲಗೆಯ ಮೇಲೆ ಪ್ರವಾಸಿಯ ಹಾಗೆ ಕೂತು, ಫೋಟೋ ತೆಗೆದುಕೊಂಡು ಬರಲಿಕ್ಕೆ?

ಭಾನುವಾರ ಆದರೂ ಹೊರಟೆ. ಬಸ್ಸಿನಲ್ಲಿ ಕೂತದ್ದೂ ಏಳು ತಿಂಗಳ ಮೇಲೆ. ದಿಂಬೊಂದನ್ನು ಬೆನ್ನಿಗಿಟ್ಟುಕೊಂಡು, ಭದ್ರಾವತಿಯವರೆಗಿನ ಪ್ರತಿ ರಸ್ತೆ ಉಬ್ಬಿಗೂ ಮೊದಲೇ ಎರಡೂ ಕೈಯೂರಿ ಸೀಟಿನಿಂದ ಒಂದಂಗುಲ ಏಳುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸು ನಾಲ್ಕು ಉಬ್ಬು ನೋಡಿ, ಐದನೆಯದಕ್ಕೆ ತಾನೂ ಎದ್ದಳು. ಭದ್ರಾವತಿಯಲ್ಲಿ ಬಸ್ಸು ಬದಲಿಸಿ ಡ್ಯಾಮಿನ ಕಡೆ ಹೊರಟಾಗ ಚೀಲದೊಳಗೆ ಕೈಹಾಕಿ ದಾರ ಇದೆಯೇ ಎಂದು ಮುಟ್ಟಿ ನೋಡಿದೆ. ಎಷ್ಟು ಸಲ ಎಂದು ಹೇಳಿದರೆ ನೀವು ನಗುತ್ತೀರಿ.

ಇಳಿದು ನೀರಿನ ಕಡೆ ನಡೆಯುವಾಗ, ದಡ ಕಾಣುವ ಮೊದಲೇ ಕೇಳಿಸಿತು. ಇಪ್ಪತ್ತೈದು ಅಶ್ವಶಕ್ತಿ. ನಾಲ್ಕನೆಯ ಭಾನುವಾರದ ಅದೇ ಸದ್ದು, ವೇಗ ಏರುವಾಗ ಒಂದು ಕ್ಷಣ ಗಂಟಲು ಕಟ್ಟಿದಂತಾಗಿ ಬಿಡುವ ಅದೇ ದನಿ. ನೂರು ಎಂಜಿನ್ನುಗಳ ನಡುವೆಯೂ ನಾನು ಅದನ್ನು ಗುರುತಿಸಬಲ್ಲೆ.

ಮಾಮ ಬೋಟನ್ನು ದೂರದ ನಡುಗಡ್ಡೆಯ ಬಳಿಯಿಂದ ತಿರುಗಿಸಿ ತರುತ್ತಿದ್ದರು. ನೀರು ಎರಡು ಬಿಳಿಯ ಸೆರಗಾಗಿ ಹಿಂದೆ ಬಿಚ್ಚಿಕೊಳ್ಳುತ್ತಿತ್ತು. ನಾನು ಒಂದು ಕೈಯಲ್ಲಿ ದಿಂಬು, ಇನ್ನೊಂದು ಕೈಯಲ್ಲಿ ಕೆಂಪು ದಾರ ಹಿಡಿದು ನಿಂತಿದ್ದೆ. ಕಾದು ನಿಂತದ್ದು ನಾನೊಬ್ಬಳೇ ಎಂದು ಆಗ ತಿಳಿಯಿತು.

ಮಾಮ ದಡಕ್ಕೆ ಬಂದು, ನನ್ನನ್ನು ನೋಡಿ, ಎಂಜಿನ್ ಆರಿಸಿದರು. ಅವರ ಮಣಿಕಟ್ಟಿನಲ್ಲಿ ಬಟ್ಟೆ ಒಣಗಿಸುವ ಹಸಿರು ನೈಲಾನ್ ಹಗ್ಗ. ಅದರ ತುದಿಯಲ್ಲಿ ನೀಲಿ ಬಕೆಟ್ಟಿನ ಚೂರೊಂದನ್ನು ಲಾಳದಂತೆ ಕತ್ತರಿಸಿ, ಅರದಿಂದ ಉಜ್ಜಿ ನಯ ಮಾಡಿದ ತುಂಡು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರ ಕೈಗೆ ಅದು ಐದು ನಿಮಿಷದ ಕೆಲಸ. ನಾನು ಏಳು ತಿಂಗಳು ಕಟ್ಟಿಕೊಂಡಿದ್ದ ಕತೆ ಒಂದು ಬಕೆಟ್ಟಿನ ಚೂರಿನಿಂದ ಮುರಿದುಬಿತ್ತು.

"ನಿಂತಿದೆ ಅಂದಿದ್ರಲ್ಲ ಮಾಮ," ಎಂದೆ.

"ನಾನು ಬಂದಿದ್ದು ಯಾವತ್ತು? ಮಂಗಳವಾರ." ಅವರು ಹಗ್ಗ ಬಿಚ್ಚಿ ಅಂಗಿಯ ಜೇಬಿಗೆ ತುರುಕಿದರು. "ಮಂಗಳವಾರ ಅದು ನಿಂತೇ ಇರೋದು."

ನಗು ಬಂತು. ನಕ್ಕರೆ ಬೆನ್ನು ನೋಯುವುದಿಲ್ಲ ಎಂಬುದೂ ಆಗ ಗೊತ್ತಾಯಿತು.

ಅವರು ಕೈಕೊಟ್ಟು ಹತ್ತಿಸಿಕೊಂಡರು. ನಾನು ನಡುವಿನ ಹಲಗೆಯ ಮೇಲೆ ಕೂರಲು ಹೋದೆ. "ಅಲ್ಲೆಲ್ಲಿ? ಹಿಂದೆ ಬಾ" ಎಂದರು. ಹಿಂದೆ ಹೋಗಿ ಎಂಜಿನ್ನಿನ ಮುಂದೆ ನಿಂತೆ. ಕೆಂಪು ದಾರದ ಕೊಕ್ಕೆ ಮಣಿಕಟ್ಟಿಗೆ, ಲಾಳ ಗುಂಡಿಯ ಕೆಳಗೆ. ಬೆರಳು ಯಾವುದನ್ನೂ ಮರೆತಿರಲಿಲ್ಲ. ಹಗ್ಗದ ಹಿಡಿ ಕೈಗೆ ಬಂತು. ಮೆಲ್ಲಗೆ ಎಳೆದೆ. ಒಳಗೆ ಅದು ಕಚ್ಚಿಕೊಂಡಿತು.

ಇನ್ನು ಒಂದೇ ಸೆಳೆತ. ಸೊಂಟ ತಾನಾಗಿಯೇ ತಿರುಗಲು ಸಿದ್ಧವಾಗಿತ್ತು. ಅದಕ್ಕೆ ಆಪರೇಷನ್ ಆದದ್ದೇ ಗೊತ್ತಿರಲಿಲ್ಲವೇನೋ. ಒಂದು ಸಲ, ಒಂದೇ ಒಂದು ಸಲ ಎಳೆದರೆ ಏನಾಗಿಬಿಡುತ್ತದೆ? ನೀರಿನ ಆಚೆ ಬೆಟ್ಟ ನೀಲಿಯಾಗಿ ಕೂತಿತ್ತು. ಅಮ್ಮ ಇಲ್ಲಿರಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತೆನೋ. ಎಡಗಾಲಿನ ಹೆಬ್ಬೆರಳು ಚಪ್ಪಲಿಯೊಳಗೆ ಮೆಲ್ಲಗೆ ಅಲ್ಲಾಡಿತು. ಡಾಕ್ಟರ್ ಹೇಳದೆಯೂ ಅಲ್ಲಾಡಿಸಿ ನೋಡುವ ಚಟ ನನಗೆ ಅಂಟಿಕೊಂಡಿತ್ತು.

ಹಗ್ಗವನ್ನು ಬಂದ ದಾರಿಯಲ್ಲೇ ಮೆಲ್ಲಗೆ ಒಳಗೆ ಬಿಟ್ಟೆ.

"ಆಗಲ್ಲ ಮಾಮ," ಎಂದೆ. "ನೀವೇ ಓಡಿಸಿ."

ಮಾಮ ಎದ್ದು ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ಒಂದೇ ಏಟಿಗೆ ಎಳೆದರು. ಬೋಟು ನಡುಗಿ ಎಚ್ಚರವಾಯಿತು. ಆಮೇಲೆ ಹೋಗಿ ನಡುವಿನ ಹಲಗೆಯ ಮೇಲೆ, ನನ್ನ ಜಾಗದಲ್ಲಿ, ನನಗೆ ಬೆನ್ನು ಹಾಕಿ ಕೂತರು.

"ಮಾಮ, ಎಳೆದೋರೇ..."

"ಮೊದಲ ಅರ್ಧ ಎಳೆದಿದ್ದು ಯಾರು?" ಎಂಜಿನ್ ಸದ್ದಿನ ಮೇಲೆ ಅವರು ಕೂಗಿದರು. "ಕಷ್ಟ ಇರೋದು ಅದ್ರಲ್ಲೇ. ಮಿಕ್ಕಿದ್ದು ಕತ್ತೇನೂ ಎಳೀತದೆ! ಹೊರಡು, ಡೀಸೆಂಟಾಗಿ."

ಹೊರಟೆ. ಹ್ಯಾಂಡಲ್ ಅಂಗೈಯಲ್ಲಿ ನಡುಗಿತು. ಆ ನಡುಕ ಮೊಣಕೈ, ಭುಜ ದಾಟಿ ಬೆನ್ನಿಗಿಳಿದು, ಹೊಲಿಗೆಯ ಗುರುತಿನ ಬಳಿ ಬಂದು ನಿಂತಿತು. ನೋಯಲಿಲ್ಲ. ಯಾರೋ ಬಾಗಿಲು ತಟ್ಟಿ, ಒಳಗೆ ಇದ್ದೀರಾ ಎಂದು ಕೇಳಿದ ಹಾಗಿತ್ತು.

ಮೋಟರ್ ಬೋಟಿನಲ್ಲಿ ಒಂದು ಗಳಿಗೆ ಇದೆ. ವೇಗ ಕೊಟ್ಟಾಗ ಬೋಟು ಮೊದಲು ಮೂತಿ ಎತ್ತುತ್ತದೆ. ಎದುರಿಗೆ ನೀರು ಕಾಣುವುದಿಲ್ಲ, ಬರೀ ಆಕಾಶ. ಇನ್ನಷ್ಟು ಕೊಟ್ಟರೆ ಮೂತಿ ತಾನಾಗಿ ಇಳಿದು, ಅಲ್ಲಿಯವರೆಗೆ ನೀರನ್ನು ನೂಕಿಕೊಂಡು ಹೋಗುತ್ತಿದ್ದ ಬೋಟು ನೀರಿನ ಮೇಲೆ ಜಾರತೊಡಗುತ್ತದೆ. ಭಾರವೆಲ್ಲ ಹೊರಟುಹೋಗುತ್ತದೆ. ಮಾಮ ಆಗ ಪ್ರತಿ ಸಲವೂ, "ಎದ್ಲು ನೋಡು!" ಎನ್ನುತ್ತಾರೆ. ಗೋಡೆ ಹಿಡಿದು ನಡೆದ ದಿನಗಳಲ್ಲಿ ನಾನು ಹಂಬಲಿಸಿದ್ದು ಜಲಾಶಯಕ್ಕಲ್ಲ, ಬೋಟಿಗೂ ಅಲ್ಲ, ಆ ಒಂದು ಗಳಿಗೆಗೆ.

ಹ್ಯಾಂಡಲ್ ಸ್ವಲ್ಪ ತಿರುವಿದೆ. ಮೂತಿ ಎದ್ದಿತು. ಆಕಾಶ ಕಂಡಿತು. ಒಂದು ಸಣ್ಣ ಅಲೆ ಬುಡಕ್ಕೆ ತಟ್ಟಿ ಹಲ್ಲು ಕಟಕ್ಕೆಂದಿತು. ಇನ್ನೊಂದಿಷ್ಟು ತಿರುವಿದ್ದರೆ ಸಾಕಿತ್ತು.

ತಿರುವಲಿಲ್ಲ. ಮೆಲ್ಲಗೆ ಇಳಿಸಿದೆ. ಬೋಟು ಒಂದು ನಿಟ್ಟುಸಿರು ಬಿಟ್ಟು ನೀರಿನೊಳಗೆ ಕೂತಿತು. ಅವಳು ಏಳಲಿಲ್ಲ. ನಮ್ಮ ಎಡಕ್ಕೆ ಒಂದು ನೀರುಕಾಗೆ ನೀರಿಗೆ ತಾಗುವಷ್ಟು ತಗ್ಗಿ ಹಾರುತ್ತ ಬಂದು, ನಮ್ಮನ್ನು ದಾಟಿ, ಹಿಂತಿರುಗಿಯೂ ನೋಡದೆ ಹೋಯಿತು. ಮಾಮ ಅದನ್ನು ನೋಡಿದರು. ಅವರ ಬೆನ್ನು ನನ್ನ ಕಡೆಗಿದ್ದದ್ದು ಒಳ್ಳೆಯದಾಯಿತು. ನನ್ನ ಮುಖದ ಮೇಲೆ ನೀರು ಸಿಡಿದಿತ್ತು, ಅಷ್ಟು ನಿಧಾನ ಹೋಗುವ ಬೋಟಿನಲ್ಲಿ ನೀರು ಹೇಗೆ ಸಿಡಿಯಿತೆಂದು ಅವರು ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ.

ನಡುಗಡ್ಡೆಯನ್ನು ಒಂದು ಸುತ್ತು ಹಾಕಿ ತಿರುಗಿ ಬಂದೆವು. ಸೈಕಲ್ಲಿನಷ್ಟು ವೇಗ. ಮೊದಲು ಇದೇ ಸುತ್ತನ್ನು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಮುಗಿಸುತ್ತಿದ್ದವಳಿಗೆ, ಆ ನಡುಗಡ್ಡೆಯ ಹಿಂಬದಿಯಲ್ಲಿ ಒಂದು ಒಣಮರ ಇದೆಯೆಂದೇ ಗೊತ್ತಿರಲಿಲ್ಲ. ಇದೆ. ಆದರೂ ನಿಜ ಹೇಳುತ್ತೇನೆ, ನನಗೆ ಒಣಮರ ಬೇಕಿರಲಿಲ್ಲ.

ದಡದಲ್ಲಿ ಇಳಿದು, ಕೆಂಪು ದಾರವನ್ನು ಮಣಿಕಟ್ಟಿನಿಂದ ಬಿಚ್ಚಿ ಮಾಮನ ಕಡೆ ಚಾಚಿದೆ. "ಈ ಸಲ ಮರೆಯಲ್ಲ. ತಗೊಳ್ಳಿ."

ಅವರು ಇಂಧನದ ಡಬ್ಬದ ಮುಚ್ಚಳ ತಿರುಗಿಸುವುದರಲ್ಲಿ ಮುಳುಗಿದ್ದರು. "ನಿನ್ನ ಹತ್ರಾನೇ ಇರ್ಲಿ."

"ಮುಂದಿನ ಭಾನುವಾರ ನಿಮಗೆ ಬೋಟು ಬೇಡವಾ?"

"ಬೇಕು. ಅದಿಲ್ದೆ ಹೆಂಗಮ್ಮಾ ಸ್ಟಾರ್ಟ್ ಆಗ್ತದೆ? ನೀನೇ ತರ್ಬೇಕು."

"ನಿಮ್ಮ ಹತ್ರ ಹಸಿರದು ಇದೆಯಲ್ಲ ಮಾಮ?"

"ಯಾವ ಹಸಿರದು?" ಎಂದರು ಪಳನಿ ಮಾಮ, ತೀರಾ ಅಮಾಯಕರಂತೆ.

ಅವರ ಅಂಗಿಯ ಜೇಬಿನಿಂದ ನೈಲಾನ್ ಹಗ್ಗದ ತುದಿ ಎರಡಂಗುಲ ಹೊರಗೆ ಬಂದು ಗಾಳಿಗೆ ಆಡುತ್ತಿತ್ತು. ನಾನು ಅದನ್ನು ನೋಡಲಿಲ್ಲ. ದಾರವನ್ನು ಮತ್ತೆ ಮಣಿಕಟ್ಟಿಗೆ ಸಿಕ್ಕಿಸಿಕೊಂಡು, ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು, ಬಸ್ಸಿನ ಕಡೆ ನಡೆದೆ.